ಯಾರ ಆಸರೆಯೂ ಇಲ್ಲದೆ

ಅಪ್ಪಾ,

ನೀನು ತೀರಿಹೋದ ಮೇಲೆ, ಹಾಸಿಗೆ ಹಿಡಿದಿದ್ದಾಗ ನೀನು ನನ್ನ ಹೆಸರಿಗೆ ಬರೆದ ಮನೆಗಾಗಿ ಹಿರಿಯಣ್ಣ ನಿನಿಯನ್ ದಾವೆ ಹೂಡಿದ. ಇವತ್ತು ಎಡಿನ್‌ಬರೊ ನ್ಯಾಯಾಲಯದಲ್ಲಿ ಹಿಂದೆ ನೀನೇ ಕೈಯಾರೆ ನಕಲು ಬರೆದುಕೊಟ್ಟಿದ್ದ ಕಾನೂನು ಹೊತ್ತಿಗೆಯನ್ನು ಓದಿದರು: ಹಾಸಿಗೆ ಹಿಡಿದವನು ಹಿರಿಮಗನನ್ನು ಬಿಟ್ಟು ಬೇರೆಯವರಿಗೆ ಮನೆ ಬರೆದರೆ, ಆಮೇಲೆ ಯಾರ ಆಸರೆಯೂ ಇಲ್ಲದೆ ಚರ್ಚಿಗೂ ಸಂತೆಗೂ ನಡೆದಿರಬೇಕು, ಇಲ್ಲವಾದರೆ ಪತ್ರ ರದ್ದು.

"ಒಬ್ರೇ ಬಂದಿದ್ರು ಸ್ವಾಮಿ, ರೊಟ್ಟಿಗೆ ಚೌಕಾಸಿನೂ ಮಾಡಿದ್ರು," ಎಂದ ಸಂತೆಯಲ್ಲಿ ರೊಟ್ಟಿ ಮಾರುವ ಮಂಗೊ.

ನಿನಿಯನ್ ನನ್ನತ್ತ ತಿರುಗಿದ. "ಚರ್ಚಿಗೆ ಹೋದಾಗ ಇವಳೇ ಜೊತೇಲಿದ್ಲು. ಅಪ್ಪನ್ನ ಹಿಡ್ಕೊಂಡಿರ್ಲಿಲ್ಲ ಅಂತ ಆಣೆ ಮಾಡಿ ಹೇಳ್ಲಿ, ಮನೆ ಬಿಟ್ಬಿಡ್ತೀನಿ."

ನಾಳೆಯೇ ಆಣೆ.

ಅಂದು ಚರ್ಚಿನ ಮೆಟ್ಟಿಲು ಹಿಮಗಟ್ಟಿತ್ತು. ನೀನು ವಾಲಿದೆ; ನಾನು ನಿನ್ನ ಮೊಣಕೈ ಹಿಡಿದೆ. "ಕೈ ಬಿಡೇ ಹುಚ್ಚಿ, ಯಾರಾದ್ರೂ ನೋಡ್ತಾರೆ!" ಎಂದು ನೀನು ಗದರಿದೆ.

ಯಾರೂ ನೋಡಲಿಲ್ಲ. ಕೊನೆಯ ಮೆಟ್ಟಿಲಿನವರೆಗೂ ನಾನು ಬಿಡಲಿಲ್ಲ.