ಬಿಂಗೊ ಬೋರ್ಡು ಅಳಿಸಬಾರದೆಂದು

ಹೆರಾನ್ ಕ್ರೀಕ್, ಆರೆಗನ್
ಮಾರ್ಚ್ 9, 1994

ತಮ್ಮ ರಾಯ್ಸ್‌ಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ತಮ್ಮ ಅನ್ನುವುದಂತೂ ತಪ್ಪುವುದಿಲ್ಲ, ಅಷ್ಟಕ್ಕೇ ಸುಧಾರಿಸಿಕೋ.

ಭಾನುವಾರ ಹಂದಿಮಾಂಸದ ದೊಡ್ಡ ಹ್ಯಾಮ್ ಹಿಡಿದುಕೊಂಡು ನಮ್ಮ ಮನೆಗೆ ಬಂದೆಯಲ್ಲ, ನನ್ನ ಗಂಡ ಆರಿನ್ ಅದನ್ನು ಮುಟ್ಟಲಿಲ್ಲ. ಕತ್ತರಿಸಿಕೊಳ್ಳಲು ಬಲಗೈ ಬೇಕು. ಆ ಬಲಗೈ ನಿನ್ನ ಮರದ ಮಿಲ್ಲಿನ ರೋಲರಿಗೂ ದಿಮ್ಮಿಗೂ ನಡುವೆ ಸಿಕ್ಕಿ ನುಜ್ಜಾಗಿದೆ. ಅದು ನಿನಗೂ ಗೊತ್ತು. ಆದರೂ ನನ್ನ ಗಂಡನ ಎದುರು ಕೂತು, “ಮನೇಲಿ ಸೌದೆ ಸೀಳೋವಾಗ ಆಯ್ತು ಅಂತ್ಲೇ ಇರ್ಲಿ ಭಾವ” ಎಂದೆ. ನಮ್ಮ ಮನೆಯಲ್ಲಿ ಸೌದೆ ಒಲೆ ಇಲ್ಲ ಕಣೋ! ಸುಳ್ಳು ಹೇಳಿಸುವವನು ಮನೆಯನ್ನಾದರೂ ಒಮ್ಮೆ ಸರಿಯಾಗಿ ನೋಡಬಾರದಿತ್ತೇ?

ಎಲ್ಲದಕ್ಕೂ ಮೂಲ ನಿನ್ನ ಆ ಬಿಂಗೊ ಬೋರ್ಡು. ಯಾರಿಗೂ ಗಾಯವಾಗದ ದಿನ ಒಂದು ನಂಬರು ಕೂಗುವುದು, ತನ್ನ ಚೀಟಿಯಲ್ಲಿ ಸಾಲು ತುಂಬಿದವನಿಗೆ ಬಹುಮಾನ. ಯಾರಾದರೂ ಗಾಯವಾಯಿತೆಂದು ಬರೆಸಿದರೆ ಬೋರ್ಡು ಅಳಿಸಿ, ಎಲ್ಲರ ಚೀಟಿಯೂ ಕಸಕ್ಕೆ. ಕೈ ಸಿಕ್ಕಿದ ದಿನ ಆರಿನ್ ಜೊತೆ ಕೆಲಸ ಮಾಡುವ ಹೋಬಾರ್ಟನಿಗೆ ಫ್ರೀಜರು ಗೆಲ್ಲಲು ಒಂದೇ ನಂಬರು ಬಾಕಿ ಇತ್ತಂತೆ. ಅದಕ್ಕೇ ನನ್ನ ಗಂಡ ಮಧ್ಯಾಹ್ನದಿಂದ ಸಂಜೆಯವರೆಗೆ ಗ್ಲೌಸು ಬಿಚ್ಚಲಿಲ್ಲ. ನಂಬರು ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಇವನು ಎಡಗೈಯಲ್ಲಿ ತೊಡೆ ತಟ್ಟಿದ. ಮನೆಯಲ್ಲಿ ಆ ಗ್ಲೌಸನ್ನು ನಾನು ಕತ್ತರಿಯಲ್ಲಿ ಕತ್ತರಿಸಿ ತೆಗೆದೆ. ಒಳಗಿದ್ದುದನ್ನು ಬರೆಯಲಾರೆ.

“ಯಾಕೋ ಹೇಳ್ಲಿಲ್ಲ?” ಎಂದು ನಾನು ಕಿರುಚಿದೆ. “ಹೋಬಾರ್ಟ್ ಹೆಂಡ್ತಿ ಫ್ರೀಜರಿಗೆ ಜಾಗ ಮಾಡಿಟ್ಟಿದ್ಲು ಕಣೆ” ಎಂದ ಮಹಾನುಭಾವ.

ಡಾಕ್ಟರು ಇನ್ನೊಂದು ಆಪರೇಷನ್ ಆಗಲೇಬೇಕು, ಇಲ್ಲದಿದ್ದರೆ ಬೆರಳು ಮಡಚುವುದಿಲ್ಲ ಎಂದಿದ್ದಾರೆ. ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕು. ಕೆಲಸದಲ್ಲಾದ ಗಾಯವಾದರೆ ಆಸ್ಪತ್ರೆಯ ಖರ್ಚೂ ಸಂಬಳದ ಬಹುಪಾಲೂ ವಿಮೆಯಿಂದ ಬರುತ್ತದೆ. ಸೌದೆ ಸೀಳಿ ಕೈ ಕಳೆದುಕೊಂಡವನಿಗೆ ಯಾರು ಕೊಡುತ್ತಾರೆ? ನಿನ್ನ ಹ್ಯಾಮೇ?

“ಅಕ್ಕಾ, ಒಂದು ಕ್ಲೇಮು ಹೋದ್ರೆ ಮೂರು ವರ್ಷ ಪ್ರೀಮಿಯಂ ಏರುತ್ತೆ. ಇಬ್ಬರನ್ನ ಮನೆಗೆ ಕಳಿಸ್ಬೇಕಾಗುತ್ತೆ, ಅವರ ಮಕ್ಕಳ ಮುಖ ನೋಡು” ಎಂದೆ. ಪ್ರೀಮಿಯಂ ಏರುವುದು ಸುಳ್ಳಲ್ಲ, ಒಪ್ಪಿದೆ. ಬೇರೆ ಮಿಲ್ಲುಗಳಿಗಿಂತ ಇಲ್ಲಿ ಹೆಚ್ಚು ಕೈಕಾಲು ಹೋಗುತ್ತಿದ್ದರೆ ವಿಮೆಯವರು ಹೆಚ್ಚು ಕೇಳದೆ ಇರುತ್ತಾರೆಯೇ? ಅದನ್ನು ಇಳಿಸಲು, ಕೈ ಸಿಗದ ಹಾಗೆ ಆ ರೋಲರಿಗೆ ಜಾಲರಿ ಹಾಕಿಸುವುದು ಒಂದು ದಾರಿ. ಗಾಯಗೊಂಡವನ ಬಾಯಿಗೆ ಫ್ರೀಜರು ತುರುಕುವುದು ಇನ್ನೊಂದು. ನೀನು ಅಗ್ಗದ್ದನ್ನು ಆರಿಸಿಕೊಂಡೆ. ಇಷ್ಟು ವರ್ಷ ಆ ಪ್ರೀಮಿಯಂ ಕಟ್ಟಿದ್ದಾದರೂ ಯಾತಕ್ಕೆ, ಚರ್ಚಿನ ಕಾಣಿಕೆ ತಟ್ಟೆಗೆ ಹಾಕಿದ ಹಾಗೆಯೇ?

ಭಾನುವಾರ ನೀನು ಹೀಗೆ ಮಾತಾಡುವಾಗ ಜೊತೆಗೆ ಬಂದಿದ್ದ ನಿನ್ನ ಹೆಂಡತಿ ಟ್ರೀನಾ ತಲೆ ಎತ್ತಲಿಲ್ಲ. ಮಿಲ್ಲಿನ ಆಫೀಸು ನೋಡಿಕೊಳ್ಳುವವಳು ಅವಳು, ಒಂದು ಮಾತಾಡಬಾರದಿತ್ತೇ ಎಂದು ಅವಳ ಮೇಲೂ ಸಿಟ್ಟು ಬಂತು.

ನಿನ್ನೆ ಆರಿನ್ ಡಾಕ್ಟರಿಗೆ ನಿಜ ಹೇಳಿದ. ನಿನಗೆ ಫೋನು ಮಾಡಿ ತಿಳಿಸಿದರೆ, “ನನ್ನ ಮಿಲ್ಲಲ್ಲಿ ಏನೂ ಆಗಿಲ್ಲ ಅಂತ ಬರೆದುಕೊಡ್ತೀನಿ, ಅದೇನು ಮಾಡ್ಕೊತೀಯೋ ಮಾಡ್ಕೊ” ಎಂದೆ. ಅಪ್ಪ ಸತ್ತ ಮೇಲೆ ನಿನ್ನನ್ನು ಎತ್ತಿ ಆಡಿಸಿದವಳಿಗೆ ಆಡಿದ ಮಾತು ಅದು. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆಯೆಂದರೆ, ಇದನ್ನು ಬರೆಯುತ್ತಾ ಎರಡು ಹಾಳೆ ಹರಿದಿದ್ದೇನೆ. ನಾಚಿಕೆಯೂ ಆಗುತ್ತಿದೆ, ನಿನ್ನ ಪಾಲಿನದನ್ನೂ ಸೇರಿಸಿ.

ಇನ್ನು ಹ್ಯಾಮ್ ತರಬೇಡ.

ನಿನ್ನ ಅಕ್ಕ,
ವರ್ನಾ

ಮರೆತಿದ್ದೆ: ನೀನು ಏನೂ ಬರೆದುಕೊಡುವ ಕಷ್ಟ ತೆಗೆದುಕೊಳ್ಳಬೇಡ. ಗಾಯ ಮಿಲ್ಲಿನಲ್ಲೇ ಆದದ್ದೆಂದು ಇವತ್ತು ಬೆಳಿಗ್ಗೆ ಮಾಲೀಕರ ಜಾಗದಲ್ಲಿ ಟ್ರೀನಾ ಸಹಿ ಹಾಕಿ ವಿಮೆಯವರಿಗೆ ಕಳಿಸಿದಳು. “ಅರ್ಧ ಮಿಲ್ಲು ನಂದೂ ಹೌದಲ್ವಾ” ಎಂದಳು. ಈಗ ನನ್ನ ಅಡಿಗೆಮನೆಯಲ್ಲಿ ಆರಿನ್‌ಗೆ ಊಟ ತಿನ್ನಿಸುತ್ತಿದ್ದಾಳೆ. ನೀನು ರೋಲರಿಗೆ ಜಾಲರಿ ಹಾಕಿಸಿದ ದಿನವೇ ನಿನ್ನ ಮನೆಗೆ ವಾಪಸು ಬರುತ್ತಾಳಂತೆ.