ಅಂಗಾಲಿಗೆ ನೀಲಿ

ಸೆಪ್ಟೆಂಬರ್ 3, ಬುಧವಾರ. ಬಬ್ಬೂರು

ಬೆಳಿಗ್ಗೆ ಮತ್ತೆ ಅದೇ. ಬರಿಗಾಲು, ಡಿಸ್ಕಸ್, ಹೊಲದ ಬದಿಯ ಗಟ್ಟಿ ನೆಲ. ತಿರುಗು, ಎಸೆ, ಓಡಿಹೋಗಿ ಎತ್ತಿಕೊಂಡು ಬಾ. ಭುಜಕ್ಕೇನೂ ಆಗಿಲ್ಲ. ಸಿಟ್ಟು ಮಾತ್ರ ಇಳಿದಿಲ್ಲ.

ನಿನ್ನೆ ಹಿರಿಯೂರಿನಲ್ಲಿ ತಾಲ್ಲೂಕು ಕೂಟ. ದೂರ ಬಿದ್ದ ಎಸೆತಕ್ಕೆಲ್ಲ ಕೆಂಪು ಬಾವುಟ — ಫೌಲ್, ನಿಂತು ಎಸೆಯುವ ರಿಂಗಿನ ಅಂಚಿಗೆ ಕಾಲು ತಾಗಿತಂತೆ. ತಿರುಗದೆ, ನಿಂತಲ್ಲೇ ನಿಂತು ಎಸೆದ ಕೊನೆಯದಕ್ಕೆ ಮಾತ್ರ ಬಿಳಿ. ಎರಡನೇ ಸ್ಥಾನ. ಮೊದಲನೆಯವಳು ಬೃಂದಾ. ಬಾವುಟ ಹಿಡಿದಿದ್ದವರು ಗಂಗಾಧರಪ್ಪ ಸರ್. ಬೃಂದಾಳ ಅಪ್ಪ ಲಕ್ಷ್ಮೀಕಾಂತ್ ನಡೆಸುವ ಕಾಲೇಜಿನ ಪಿ.ಟಿ. ಮೇಷ್ಟ್ರು. ಇನ್ನೇನು ಬರೆಯಲಿ?

"ಸಾ, ಕಾಲು ಎಲ್ಲಿ ತಾಗ್ತು ತೋರ್ಸ್ರಿ."

"ರಿಂಗಿನ ಮೇಲೆ."

"ಗುರುತು ಎಲ್ಲೈತೆ?"

"ಗುರುತು ಯಾಕಮ್ಮ? ನನ್ ಕಣ್ಣು ಐತಲ್ಲ."

ಅವರ ಕಣ್ಣು! ಊರ ಬಾವಿಯ ಸುತ್ತ ಒಂದು ಗೆರೆ ಇತ್ತು ಅನ್ನುತ್ತಾಳೆ ಅವ್ವ. ಅದಕ್ಕೆ ಯಾರೂ ಬಣ್ಣ ಬಳಿದಿರಲಿಲ್ಲ. ನಮ್ಮವರು ದಾಟಿದರೆ ಮಾತ್ರ ಊರಿನ ದೊಡ್ಡವರ ಕಣ್ಣಿಗೆ ಕಾಣುತ್ತಿತ್ತು. ಈಗ ಅದೇ ಗೆರೆ ಕಬ್ಬಿಣದ್ದಾಗಿದೆ, ದುಂಡಗಿದೆ, ಬಿಳಿ ಬಳಿದುಕೊಂಡಿದೆ.

ಮೊದಲಿಬ್ಬರಿಗೆ ಇನ್ನು ಜಿಲ್ಲಾ ಕೂಟ. ಅಲ್ಲಿ ಗೆದ್ದವಳಿಗೆ ಮಾತ್ರ ರಾಜ್ಯದ ಬಾಗಿಲು, ಸ್ಪೋರ್ಟ್ಸ್ ಹಾಸ್ಟೆಲ್ ಸೀಟು. ನನಗಿದು ಕೊನೆಯ ವರ್ಷ. ತಪ್ಪಿದರೆ ಅವ್ವನ ಜೊತೆ ಕಳೆ ಕೀಳುವುದೇ.

ಸೆ. 6, ಶನಿವಾರ

ಅವ್ವ ನನ್ನ ಬಿಳಿ ಅಂಗಿಗೆ ನೀಲಿ ಹಾಕುತ್ತಿದ್ದಳು. ಬಕೆಟ್ ಎತ್ತಿ ಕೊಟ್ಟು ಗೋಡೆ ಹಿಡಿದುಕೊಂಡೆ.

"ಲೇ, ಗ್ವಾಡೆ ಮುಟ್ಬ್ಯಾಡ! ಈಗಿನ್ನೂ ಸುಣ್ಣ ಹೊಡ್ದೀನಿ."

ಹಸಿ ಸುಣ್ಣದ ಮೇಲೆ ಐದು ಬೆರಳೂ ನೀಲಿಯಾಗಿ ಮೂಡಿದ್ದವು. ನೋಡುತ್ತಾ ನಿಂತೆ. ರಿಂಗೂ ಬಿಳಿ...

ಅಂಗಾಲಿಗೆ ನೀಲಿ ಹಚ್ಚಿಕೊಂಡು ಎಸೆದರೆ? ತಾಗಿದರೆ ಗುರುತು. ಗುರುತಿಲ್ಲದಿದ್ದರೆ ಅವರ ಕಣ್ಣು ಸುಳ್ಳು.

ಅವ್ವ ನಕ್ಕಳು. "ಕಾಲಿಗೆ ಅರಿಶಿನ ಹಚ್ಕಳ್ಳೋ ವಯಸ್ನಾಗೆ ನೀಲಿ ಹಚ್ಕಂತೀಯೇನೇ?"

ನಮ್ಮ ಕಾಲೇಜಿನ ಕೋಚ್ ಹಾಲೇಶ್ ಸರ್ ನಗಲಿಲ್ಲ. "ಹಚ್ಚು. ಮೊದ್ಲೇ ಯಾರಿಗೂ ಹೇಳ್ಬ್ಯಾಡ" ಅಂದರು. ಹಿರಿಯೂರಿನ ಫೌಲ್‌ಗಳ ಬಗ್ಗೆ ನನ್ನ ಸಹಿ ಹಾಕಿಸಿ ಜಿಲ್ಲೆಗೆ ದೂರನ್ನೂ ಕಳಿಸಿದರು.

ಸೆ. 11, ಗುರುವಾರ

ಅವ್ವ ಕೆಲಸಕ್ಕೆ ಹೋದವಳು ಹಾಗೇ ವಾಪಸ್ ಬಂದಳು. ಮೇಸ್ತ್ರಿ ಮೂರ್ತಪ್ಪ ಹೇಳಿದನಂತೆ — "ಕಾಟಮ್ಮಾ, ಮಗಳು ದೊಡ್ಡೋರ ಮ್ಯಾಲೆ ಅರ್ಜಿ ಹಾಕ್ಯಾಳಂತೆ. ಅದು ವಾಪಸ್ ಬರಲಿ, ಆಮ್ಯಾಲೆ ನೀನು ಬಾ."

ಸಂಜೆ ಕಾಲೋನಿಯ ಬಾಯಲ್ಲಿ ಒಂದು ಬಿಳಿ ಕಾರು. ಯಾರೂ ಇಳಿಯಲಿಲ್ಲ. ಯಾರನ್ನೂ ಕೇಳಲಿಲ್ಲ. ಎಂಜಿನ್ ಮಾತ್ರ ಗುರುಗುಟ್ಟುತ್ತಿತ್ತು.

ಸೆ. 12

ಕಾರು.

ಸೆ. 20, ಶನಿವಾರ. ಚಿತ್ರದುರ್ಗ, ಸಂಜೆ

ಪೆನ್ನು ಒತ್ತಿ ಹಾಳೆಯೇ ಹರಿಯಿತು. ಸಿಟ್ಟಿಗೆ.

ಮೊದಲ ಎಸೆತಕ್ಕೇ ಡಿಸ್ಕಸ್ ಬೃಂದಾಳ ಗುರುತು ದಾಟಿ ಬಿತ್ತು. ಬೀಳುವ ಮೊದಲೇ ಕೆಂಪು ಎದ್ದಿತ್ತು. ಮತ್ತೆ ಗಂಗಾಧರಪ್ಪ ಸರ್.

"ರಿಂಗ್ ತಾಗ್ತು."

"ಹಂಗಾರೆ ಬರ್ರಿ, ನೋಡ್ರಿ!" ಅಂತ ಕೂಗಿ ಅಂಗಾಲು ಎತ್ತಿ ತೋರಿಸಿದೆ.

ರಿಂಗಿನ ಒಳಗೆಲ್ಲ ನೀಲಿ ಹೆಜ್ಜೆ. ಎಲ್ಲಕ್ಕಿಂತ ಮುಂದಿನ ಹೆಜ್ಜೆಯೂ ಕಬ್ಬಿಣದಿಂದ ಎರಡು ಬೆರಳು ಈಚೆಗೇ ನಿಂತಿತ್ತು. ರಿಂಗಿನ ಮೇಲೆ ಒಂದು ಚುಕ್ಕೆ ಇಲ್ಲ. ಜನ ನುಗ್ಗಿ ಬಂದರು. "ಮೇಷ್ಟ್ರಿಗೆ ಕನ್ನಡಕ ಕೊಡ್ಸ್ರಪ್ಪೋ!" ಅಂದ ಒಬ್ಬ. ಶಿಳ್ಳೆ, ನಗು.

ಗಂಗಾಧರಪ್ಪ ಸರ್ ನಗಲಿಲ್ಲ. ಬೆವರಲೂ ಇಲ್ಲ. ನಿಧಾನವಾಗಿ ರೂಲ್ ಬುಕ್ ತೆಗೆದರು.

"ಅಂಗಾಲಿಗಾಗ್ಲಿ ರಿಂಗಿಗಾಗ್ಲಿ ಏನನ್ನೂ ಹಚ್ಚಂಗಿಲ್ಲ. ತಗಳಮ್ಮ, ನೀನೇ ಓದು."

ನಿಜ. ಬರೆದಿತ್ತು. ನಾನೂ ನೋಡಿರಲಿಲ್ಲ, ಹಾಲೇಶ್ ಸರೂ ನೋಡಿರಲಿಲ್ಲ. ಸತ್ಯ ತೋರಿಸಲು ಹಚ್ಚಿದ್ದೇ ಫೌಲ್! ಅವರ ಸುಳ್ಳಿಗೆ ಯಾವ ರೂಲೂ ಇಲ್ಲ.

ಹಾಲೇಶ್ ಸರ್ ಬಿಡಲಿಲ್ಲ. "ಬಾವುಟ ಎತ್ತಿದ್ದು ನೀಲಿಗಲ್ಲ, ತಾಗ್ತು ಅಂತ. ತಾಗಿಲ್ಲ. ಉತ್ತರ ಕೊಡ್ರಿ." ಜನ ಕದಲಲಿಲ್ಲ. ಕೊನೆಗೆ ಅಪೀಲ್ ಕಮಿಟಿ ಒಪ್ಪಿತು: ನಾಳೆ ಬೆಳಿಗ್ಗೆ ಕಾಲು ತೊಳೆದುಕೊಂಡು ಒಂದೇ ಒಂದು ಎಸೆತ. ಜನ ಇರಕೂಡದು. ಮೊಬೈಲ್ ಇರಕೂಡದು.

"ರಿಂಗಿಗೆ ಹೊಸ ಬಣ್ಣ ಹೊಡಿಸ್ತೀನಿ. ತಾಗಿದ್ರೆ ಹಸಿ ಬಣ್ಣದಾಗೆ ಗೊತ್ತಾಗ್ತೈತೆ. ಗುರುತು ಬೇಕಂತಿದ್ಯಲ್ಲ?" — ಗಂಗಾಧರಪ್ಪ ಸರ್. ಈಗ ನಕ್ಕರು. ನನ್ನ ನೀಲಿ ಪೊಟ್ಟಣ ಇಸಕೊಂಡರು. ಸಾಕ್ಷಿಗಂತೆ. ಜೇಬಿಗೆ ಹಾಕಿಕೊಂಡರು.

ರಾತ್ರಿ ನಾನು ಉಳಿದುಕೊಂಡಿರುವುದು ಹಾಲೇಶ್ ಸರ್ ತಂಗಿ ಶಾಂತಿ ಅಕ್ಕನ ಮನೆಯಲ್ಲಿ. ಅವ್ವ ಫೋನ್ ಮಾಡಿದ್ದಳು.

"ಬಂದ್ಬಿಡು ಮಗಳೆ. ಕಾರು ಇವತ್ತೂ ನಿಂತೈತೆ."

"ಹೆದ್ರಿಕಿ ಆತೇನವ್ವ?"

"ಹೆದ್ರಿಕಿ ಏನಿಲ್ಲ. ಕುಡುಗೋಲು ಬಾಗ್ಲಾಗೆ ಇಟ್ಕಂಡೀನಿ."

"ನಾಳೆ ಒಂದೇ ಒಂದು ಎಸೆತ ಐತವ್ವ" ಅಂದೆ. ಅವಳು ಅಂದಳು — "ಸರಿ, ಎಸ್ದೇ ಬಾ."

ಸೆ. 21, ಭಾನುವಾರ. ಗ್ರೌಂಡ್, ಬೆಳಿಗ್ಗೆ

ಹಾಲೇಶ್ ಸರ್ ಅವರನ್ನು ಗೇಟಿನಲ್ಲೇ ತಡೆದಿದ್ದಾರೆ. ನನ್ನ ಫೋನ್ ಇಸಕೊಂಡರು. ಪುಸ್ತಕ, ಪೆನ್ನು ಬ್ಯಾಗಿನಲ್ಲೇ ಉಳಿದವು. ಹುಡುಗಿ ಏನೋ ಗೀಚುತ್ತಾಳೆ ಅಂದುಕೊಂಡಿರಬೇಕು.

ಖಾಲಿ ಗ್ರೌಂಡ್. ಆಚೆ ಅದೇ ಬಿಳಿ ಕಾರು. ಒಳಗೆ ಬೃಂದಾ. ನಾನು ನೋಡಿದರೆ ಮುಖ ತಿರುಗಿಸಿದಳು.

ನಲ್ಲಿಯಲ್ಲಿ ಕಾಲು ತೊಳೆದೆ. ಕಮಿಟಿಯವರು ಅಂಗಾಲು ನೋಡಿ ತಲೆ ಆಡಿಸಿ, ಹೋಗಿ ಕುರ್ಚಿಯಲ್ಲಿ ಕುಂತರು. ರಿಂಗಿನ ಹತ್ತಿರ ಯಾರೂ ಇಲ್ಲ. ಬಣ್ಣದ ವಾಸನೆ ಇಲ್ಲಿಗೇ ಬರುತ್ತಿದೆ. ಈಗ ಹೋಗಿ ಬಗ್ಗಿ ನೋಡಿ ಬಂದೆ.

ರಿಂಗಿನ ಮುಂಭಾಗ. ಹಸಿ ಬಿಳಿಯ ಮೇಲೆ ಐದು ಬೆರಳು.

ನೀಲಿ.

ನಾನಿನ್ನೂ ಒಳಗೆ ಕಾಲೇ ಇಟ್ಟಿಲ್ಲ. ನನ್ನ ಫೌಲ್ ನನಗಿಂತ ಮೊದಲೇ ಬಂದು ಕುಂತಿದೆ.

ಹೆಬ್ಬೆರಳು ದಪ್ಪ. ನನ್ನದಲ್ಲ. ಗಂಡಸಿನ ಕಾಲು. ಗೇಟಿನ ಕಡೆ ಕೈ ಬೀಸಿದೆ, ಹಾಲೇಶ್ ಸರ್ ಕಾಣುತ್ತಿಲ್ಲ. ಈಗಷ್ಟೇ ಅಲ್ಲಿದ್ದರು...

ಗಂಗಾಧರಪ್ಪ ಸರ್ "ಅನುಪಮಾ" ಅಂತ ಕೂಗುತ್ತಿದ್ದಾರೆ. ಕೈಯಲ್ಲಿ ಒಂದೇ ಬಾವುಟ, ಕೆಂಪು. ಶೂ ಹಾಕಿಕೊಂಡಿದ್ದಾರೆ, ಲೇಸ್ ಕಟ್ಟಿಲ್ಲ.

ಹೋಗುತ್ತೇನೆ. ಎಸೆಯುತ್ತೇನೆ. ಆಮೇಲೆ ಎಲ್ಲರ ಮುಂದೆ ಆ ಬೆರಳುಗಳ ಪಕ್ಕದಲ್ಲೇ ನನ್ನ ಕಾಲು ಊರಿ, ಶೂ ಬಿಚ್ಚ್ರಿ ಸಾ ಅಂತ

ಕಾರಿನ ಬಾಗಿಲು ತೆರೆಯಿತು. ಬೃಂದಾ ಅಲ್ಲ, ಇಬ್ಬರು ಗಂಡಸರು ಇಳಿದು ಇತ್ತ ಕಡೆ —