ಲೈಸನ್ಸ್ ನನ್ನ ಜೇಬಿನಲ್ಲೇ

೨೧ ನವೆಂಬರ್ ೧೯೮೮. ಕಂಪ್ಲಿ.
ಇವತ್ತೂ ಲಾರಿ ಸ್ಟ್ಯಾಂಡಿನಲ್ಲಿ ನಿಂತು ಬಂದೆ. ಹೆವಿ ಲೈಸನ್ಸ್ ಕೈಗೆ ಬಂದು ಹನ್ನೆರಡು ದಿನ. ಓಡಿಸಲು ಗಾಡಿಯಿಲ್ಲ.

ಮಧ್ಯಾಹ್ನ ಅಪ್ಪ ಬಂದು ಹಾಲಸ್ವಾಮಿ ಸಾವ್ಕಾರರ ರೈಸ್ ಮಿಲ್ಲಿಗೆ ಎಳೆದುಕೊಂಡು ಹೋದ. ಅಪ್ಪ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಹಮಾಲಿ. ಅವರ ಲಾರಿಗೆ ಡ್ರೈವರ್ ಬೇಕಂತೆ. ನನ್ನನ್ನು ಕೇಳದೆ ಮಾತು ಕೊಟ್ಟುಬಿಟ್ಟಿದ್ದಾನೆ.

ಹೊಸ ಟೈರ್. ಒಳ್ಳೆ ಗಾಡಿ. ಆಸೆಯಾಯಿತು, ಸುಳ್ಳು ಯಾಕೆ.

"ಲೈಸನ್ಸ್ ಇಲ್ಲಿ ಕೊಡು. ತಿಜೋರಿಯಾಗ ಇರ್ತದ," ಅಂದರು ಸಾವ್ಕಾರರು.

"ಯಾಕ್ರಿ?"

"ನಾಳೆ ನೀ ಬ್ಯಾರೆ ಕಡೆ ಓಡಿ ಹೋದ್ರ? ನಮ್ಮಲ್ಲಿ ಹಂಗ ಪದ್ಧತಿ."

"ರೋಡಿನಾಗ ಪೊಲೀಸ್ರು ಕೇಳಿದ್ರ?"

"ನನ್ನ ಹೆಸರು ಹೇಳು."

ಕೊಡಲಿಲ್ಲ. ಎದ್ದು ಬಂದೆ.

೨೪ ನವೆಂಬರ್. ಸಂಡೂರು.
ಮೊದಲ ಬಸ್ಸಿಗೇ ಬಂದೆ. ಅದಿರಿನ ಗಾಡಿಗಳಿಗೆ ಡ್ರೈವರ್ ಸಾಲುತ್ತಿಲ್ಲವಂತೆ. ಮ್ಯಾನೇಜರ್ ಹೆಸರೂ ಕೇಳಲಿಲ್ಲ, ಕೀ ಎಸೆದ. ನೋಡಿದರೆ ಲಾರಿಯ ಚಕ್ರದಡಿ ಕಲ್ಲು.

"ಹ್ಯಾಂಡ್ ಬ್ರೇಕ್ ಹಿಡಿಯಂಗಿಲ್ಲ. ಕಲ್ಲಿಟ್ರ ನಿಲ್ತದ. ಎಲ್ರೂ ಹಂಗ ಓಡಿಸ್ತಾರ."

"ನಾ ಓಡಿಸಂಗಿಲ್ಲರಿ."

"ಲೇ, ನಿಂಗ ಡ್ರೈವರ್ ಕೆಲಸ ಬೇಕೋ, ಇನ್‌ಸ್ಪೆಕ್ಟರ್ ಕೆಲಸ ಬೇಕೋ?"

ಸುತ್ತ ಇದ್ದವರೆಲ್ಲ ನಕ್ಕರು. ಕೀ ಟೇಬಲ್ ಮೇಲಿಟ್ಟು ಬಂದೆ. ನಗಲಿ. ಘಾಟಿನಲ್ಲಿ ಇಳಿಯುವವನು ನಾನು.

೨ ಡಿಸೆಂಬರ್.
ಕಂಪ್ಲಿಯಲ್ಲಿ ಮೂರು ಲಾರಿ ಮಾಲೀಕರನ್ನು ಕೇಳಿದೆ. ಮೂವರದೂ ಒಂದೇ ಮಾತು— "ಗಾಳೆಪ್ಪನ ಮಗ ಅಲ್ಲೇನು? ನೀ ಭಾಳ ರೂಲ್ಸ್ ಮಾತಾಡ್ತೀಯಂತ." ಸಾವ್ಕಾರರು ಎಲ್ಲ ಕಡೆ ಹೇಳಿಸಿದ್ದಾರೆ. ಹೇಳಿಸಲಿ...

೩ ಡಿಸೆಂಬರ್. ಸಂಜೆ.
ಇದನ್ನು ಮಾತ್ರ ಬರೆದಿಡಬೇಕು.

ಅಪ್ಪ ಹೊತ್ತಿಗೆ ಮುಂಚೆಯೇ ಬಂದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಚೀಲ ಎತ್ತುವ ಕೊಕ್ಕೆ. ಮಗನ ಲೈಸನ್ಸ್ ತಂದುಕೊಡು, ಇಲ್ಲದಿದ್ದರೆ ನೀನೂ ಬರಬೇಡ ಅಂದರಂತೆ ಸಾವ್ಕಾರರು.

"ಕೊಡಪ್ಪ ಇಲ್ಲಿ," ಅಂದ.

ಅವ್ವ ಒಲೆ ಮುಂದಿನಿಂದ ಎದ್ದು ಬಂದು ನಿಂತಳು. ಸಾವ್ಕಾರರಿಗೆ ಇಲ್ಲ ಅನ್ನಬಹುದು, ಅಪ್ಪನಿಗೆ ಹೇಗೆ? ಜೇಬಿನಿಂದ ತೆಗೆದು ಅವನ ಮುಂದಿಟ್ಟೆ. ಅಪ್ಪನಿಗೆ ಓದು ಬರುವುದಿಲ್ಲ. ಲೈಸನ್ಸಿನ ಪುಟ್ಟ ಪುಸ್ತಕ ತೆರೆದ. ಫೋಟೋ ಮೇಲೆ ಹೆಬ್ಬೆರಳಿಟ್ಟ.

"ಓಬಳೇಶ, ಇದ್ರಾಗ ನಿನ್ನ ಮುಖ ಐತಿ," ಅಂದ. "ನಂದಲ್ಲ. ನಾ ಹೆಂಗ ಕೊಡ್ಲಿ?"

ವಾಪಸ್ ಕೊಟ್ಟ. ಕೊಕ್ಕೆಯನ್ನು ಗೋಡೆಯ ಮೊಳೆಗೆ ತಗಲಿಸಿ ಉಣ್ಣಲು ಕೂತ.

೧೧ ಡಿಸೆಂಬರ್. ಎಮ್ಮಿಗನೂರು.
ಅಪ್ಪ ಈಗ ಇಲ್ಲಿ ಕಬ್ಬು ಕಡಿಯಲು ಬರುತ್ತಾನೆ. ಚೆನ್ನಬಸಮ್ಮನವರ ಹೊಲ. ಗಂಡ ತೀರಿಕೊಂಡ ಮೇಲೆ ಹೊಲ, ಲಾರಿ ಎರಡೂ ಅವರೇ ನೋಡಿಕೊಳ್ಳುತ್ತಾರೆ. ಡ್ರೈವರ್ ಬಿಟ್ಟುಹೋಗಿದ್ದಾನಂತೆ. "ಹೋಗಿ ನೀನ ಮಾತಾಡು. ನಾ ಮಾತು ಕೊಟ್ಟಿಲ್ಲ," ಅಂದ ಅಪ್ಪ.

ಅವರೂ ಲೈಸನ್ಸ್ ಕೇಳಿದರು! ಹಳೇ ಡ್ರೈವರ್ ಕಬ್ಬು ತುಂಬಿದ ಗಾಡಿಯನ್ನು ರೋಡಿನಲ್ಲೇ ಬಿಟ್ಟು ಹೋಗಿದ್ದನಂತೆ. ಎರಡು ದಿನ ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯಿತಂತೆ. ಅವರ ಭಯ ಸುಳ್ಳಲ್ಲ.

"ಕೊಡಂಗಿಲ್ಲರಿ. ನಂಬಿಕಿ ಇಲ್ಲಂದ್ರ ನೀವೂ ಗಾಡಿ ಹತ್ತ್ರಿ."

ದಿಟ್ಟಿಸಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಹತ್ತೀನಿ. ಯಾವಾಗ ಹೊಂಡ್ತಿ?"

"ಮೊದ್ಲು ಬ್ರೇಕ್ ನೋಡ್ತೀನ್ರಿ."

ಬ್ರೇಕ್ ಆಯಿಲ್ ಸೋರುತ್ತಿತ್ತು. ಹೇಳಿದೆ. ಗೊಣಗಿದರು, ಆದರೆ ಮೆಕ್ಯಾನಿಕ್‌ನನ್ನು ಕರೆಸಿದರು.

೧೪ ಡಿಸೆಂಬರ್. ಹೊಸಪೇಟೆ, ಸಕ್ಕರೆ ಫ್ಯಾಕ್ಟರಿ ಗೇಟು.
ಮುಂದೆ ಇನ್ನೂ ಎಂಟು ಗಾಡಿ. ಸ್ಟೇರಿಂಗ್ ಮೇಲೆ ಈ ಡೈರಿಯಿಟ್ಟು ಬರೆಯುತ್ತಿದ್ದೇನೆ.

ಚೆನ್ನಬಸಮ್ಮನವರು ಬಂದರು, ನಿಜವಾಗಿಯೂ! ಸೆರಗು ಸಿಕ್ಕಿಸಿಕೊಂಡು ಕ್ಯಾಬಿನ್ ಹತ್ತಿ ಕೂತರು. ಕಂಪ್ಲಿಯಲ್ಲಿ ಜನ ನಿಂತು ನೋಡಿದರು. ಮಿಲ್ಲಿನ ಗೇಟಿನಲ್ಲಿ ಹಾಲಸ್ವಾಮಿ ಸಾವ್ಕಾರರು. ನಾನು ಮುಖ ತಿರುಗಿಸಲಿಲ್ಲ.

"ಹಾರನ್ ಹೊಡಿ," ಅಂದರು ಚೆನ್ನಬಸಮ್ಮನವರು, ಗೇಟಿನ ಕಡೆ ನೋಡುತ್ತ.

"ಅಡ್ಡ ಯಾರೂ ಇಲ್ಲರಿ ಅಮ್ಮಾರ."

"ಹೊಡಿ ಅಂದೆ."

ಹೊಡೆದೆ. ಮಿಲ್ಲು ದಾಟುವತನಕ ಕೈ ತೆಗೆಯಲಿಲ್ಲ.

ಈಗ ತಾನೇ ಇಳಿದರು. "ನಾ ಬಸ್ಸಿಗೆ ಹೋಗ್ತೀನಿ. ತೂಕ ಆದಮ್ಯಾಲ ನೀನ ಗಾಡಿ ತಗೊಂಡು ಬಾ." ಅಷ್ಟೇ. ಹಿಂದಿರುಗಿಯೂ ನೋಡಲಿಲ್ಲ. ಕ್ಯಾಬಿನ್‌ನಲ್ಲಿ ನಾನೊಬ್ಬನೇ. ಮೊದಲ ಸಲ. ಮುಂದಿನ ಗಾಡಿ ಸರಿಯಿತು, ಹಿಂದಿನವನು ಬೈಯುತ್ತಿದ್ದಾನೆ, ಬೈಯಲಿ, ಇದೊಂದು ಸಾಲು—